ಕಂಡಿದ್ದು ಮೊದಲು, ಅನಿಸಿದ್ದು ಆಮೇಲೆ

ಮಗಳೆ,

ಕಳೆದ ಭಾನುವಾರ ಹೊಸಪೇಟೆ ಚಿತ್ತವಾಡ್ಗಿಯ ನಮ್ಮ ಮನೆಯಲ್ಲಿ ಒಗ್ಗರಣೆ–ಮಿರ್ಚಿ ತಟ್ಟೆ ಮುಂದಿಟ್ಟುಕೊಂಡು ನೀನೊಂದು ಕಡೆ, ನಿಮ್ಮಪ್ಪ ಒಂದು ಕಡೆ ಮುಖ ತಿರುಗಿಸಿ ಕೂತಿದ್ದು ಇನ್ನೂ ನನ್ನ ಕಣ್ಣ ಮುಂದೆ ಇದೆ. “ದೊಡ್ಡಪ್ಪಾ, ನಾನು ಸಿನಿಮಾ ಓದ್ತೀನಿ” ಅಂದೆ ನೀನು. “ಬಿ.ಎ. ಸೇರಿಸಿದ್ದೇ ಹೆಚ್ಚು. ಸಿನಿಮಾದಾಗ ಓದಾಕ ಏನೈತಿ? ನೋಡಿದ್ರ ಮುಗೀತು” ಅಂದ ಅವನು. ಮಿರ್ಚಿ ಆರಿಹೋಯಿತು, ಯಾರೂ ಮುಟ್ಟಲಿಲ್ಲ.

ನಿಮ್ಮಪ್ಪನ ಮಾತಿನಲ್ಲಿ ಸಿಟ್ಟಿಗಿಂತ ಹೆದರಿಕೆ ಹೆಚ್ಚಿತ್ತು. ಆ ಹೆದರಿಕೆ ಎಲ್ಲಿಂದ ಬಂತೆಂದು ನನಗೆ ಗೊತ್ತು, ಮುಂದೆ ಹೇಳುತ್ತೇನೆ. ಅಂದು ನಾನು ಬಾಯಿ ತೆರೆಯಲಿಲ್ಲ. ಮೂವತ್ತೆರಡು ವರ್ಷ ಕನ್ನಡ ಪಾಠ ಹೇಳಿದವನು ಇಂಥ ಪ್ರಶ್ನೆಗೆ ಥಟ್ಟನೆ ಉತ್ತರ ಕೊಟ್ಟರೆ ತಪ್ಪಾಗುತ್ತದೆ ಅನ್ನಿಸಿತು. ವಾರವೆಲ್ಲ ಯೋಚಿಸಿ ಇದನ್ನು ಬರೆದಿದ್ದೇನೆ. ನೀನು ಓದಿದ ಮೇಲೆ ಅಪ್ಪನಿಗೂ ಕೊಡು.

ಮೊದಲು ನಿನ್ನನ್ನು ಹಂಪಿಯ ವಿರೂಪಾಕ್ಷನ ಗುಡಿಗೆ ಕರೆದುಕೊಂಡು ಹೋಗಬೇಕು. ನೂರು ಸಲ ಹೋಗಿದ್ದೀಯ, ಗೊತ್ತು. ಗುಡಿಯ ಹಿಂಬದಿಯಲ್ಲಿ ಒಂದು ಕತ್ತಲೆ ಕೋಣೆ ಇದೆಯಲ್ಲ, ಅದರ ಗೋಡೆಯ ಮೇಲೆ ಒಂಬತ್ತು ನೆಲೆಯ ರಾಜಗೋಪುರ ತಲೆಕೆಳಗಾಗಿ ಬೀಳುತ್ತದೆ. ಗೈಡ್ “ಉಲ್ಟಾ ಗೋಪುರ” ಎಂದು ತೋರಿಸುತ್ತಾನೆ, ಜನ ಅರ್ಧ ನಿಮಿಷ ನೋಡಿ ಫೋನಿನಲ್ಲಿ ಹಿಡಿದುಕೊಂಡು ಹೊರಬೀಳುತ್ತಾರೆ. ನಾನು ಹುಡುಗನಾಗಿದ್ದಾಗ ಅದನ್ನು ದೇವರ ಮಹಿಮೆ ಅಂದುಕೊಂಡಿದ್ದೆ. ಅಲ್ಲಿ ನಡೆಯುವುದು ಇಷ್ಟು: ಬೆಳಕು ನೇರವಾಗಿ ಬರುತ್ತದೆ. ಸಣ್ಣ ಕಿಂಡಿಯೊಂದರಿಂದ ಮಾತ್ರ ಒಳಗೆ ಬರಲು ದಾರಿಯಿದ್ದರೆ, ಗೋಪುರದ ತುದಿಯಿಂದ ಹೊರಟ ಕಿರಣ ಕಿಂಡಿ ದಾಟಿ ಗೋಡೆಯ ಕೆಳಭಾಗ ಮುಟ್ಟುತ್ತದೆ, ಬುಡದಿಂದ ಹೊರಟದ್ದು ಮೇಲ್ಭಾಗ ಮುಟ್ಟುತ್ತದೆ. ಗೋಪುರ ತಲೆಕೆಳಗಾಗುತ್ತದೆ. ಕ್ಯಾಮೆರಾದ ಒಳಗೆ ನಡೆಯುವುದೂ ಇದೇ. ಅಲ್ಲಿ ಕಿಂಡಿಯ ಜಾಗದಲ್ಲಿ ಗಾಜಿನ ಲೆನ್ಸ್ ಇದೆ, ಗೋಡೆಯ ಜಾಗದಲ್ಲಿ ಫಿಲ್ಮೋ ಸೆನ್ಸರೋ ಇದೆ, ಅಷ್ಟೆ.

ನಿವೃತ್ತನಾದ ಮೇಲೆ ಒಂದು ದಿನ ಜನ ಕಡಿಮೆಯಿದ್ದ ಸಂಜೆ ನಾನು ಅಲ್ಲಿ ಮುಕ್ಕಾಲು ಗಂಟೆ ನಿಂತಿದ್ದೆ. ಮೊದಲ ಹತ್ತು ನಿಮಿಷ ಏನೂ ಆಗಲಿಲ್ಲ. ಆಮೇಲೆ ಗೋಪುರ ಮಸುಕಾಯಿತು, ಹೊರಗೆ ಮೋಡ ಬಂದಿತ್ತು. ಮತ್ತೆ ನಿಧಾನಕ್ಕೆ ಬೆಳಗಿತು. ಗೋಡೆಯ ಕೆಳಗಿನ ಅಂಚಿನಲ್ಲಿ, ಅಂದರೆ ನಿಜವಾದ ಆಕಾಶದಲ್ಲಿ, ಏನೋ ಸಣ್ಣಗೆ ಸರಿದು ಹೋಯಿತು. ಪಾರಿವಾಳವೋ ಗಿಳಿಯೋ ತಿಳಿಯಲಿಲ್ಲ. ಅರವತ್ತು ವರ್ಷ ನಾನು ಅದನ್ನು ಚಿತ್ರ ಅಂದುಕೊಂಡಿದ್ದೆ. ಅದು ಚಲನಚಿತ್ರ ಎಂದು ಆವತ್ತು ಕಂಡಿತು.

ನಿನಗೆ ಹೇಳಬೇಕಾದ ಮಾತಿನ ಮುಕ್ಕಾಲು ಪಾಲು ಈ ಕೋಣೆಯಲ್ಲೇ ಇದೆ. ಸಿನಿಮಾ ಓದುವುದೆಂದರೆ ಅಲ್ಲಿ ನಿಲ್ಲುವುದು. ಅರ್ಧ ನಿಮಿಷದ ಮೇಲೂ ನಿಲ್ಲುವುದು. ನಿಂತು ಕಂಡಿದ್ದನ್ನು ಮೊದಲು ಬರೆಯುವುದು, ಅನಿಸಿದ್ದನ್ನು ಆಮೇಲೆ ಬರೆಯುವುದು. ಇದು ಸುಲಭವಲ್ಲ. ಸಿನಿಮಾ ನೋಡಿ ಬಂದ ಯಾರನ್ನಾದರೂ ಕೇಳು, “ಸೂಪರ್”, “ಬೋರು”, “ಕಣ್ಣಲ್ಲಿ ನೀರು ಬಂತು” ಅನ್ನುತ್ತಾರೆ. ಇವೆಲ್ಲ ಅನಿಸಿದ್ದು. ಕಣ್ಣಲ್ಲಿ ನೀರು ಬಂದ ಆ ಗಳಿಗೆಯಲ್ಲಿ ಪರದೆಯ ಮೇಲೆ ಏನಿತ್ತು, ಮುಖವೋ ಬಾಗಿಲೋ, ಕ್ಯಾಮೆರಾ ಎಷ್ಟು ದೂರವಿತ್ತು, ಹಿಂದೆ ಯಾವ ಸದ್ದಿತ್ತು ಅಂದರೆ ಸುಮ್ಮನಾಗುತ್ತಾರೆ.

ಈ ಪಾಠ ನನಗೆ ಕಲಿಸಿದ್ದು ಒಬ್ಬ ವಿದ್ಯಾರ್ಥಿ. ಅವನಿಗೆ ನಾನು ಅನ್ಯಾಯ ಮಾಡಿದೆ. ಮೂವತ್ತು ವರ್ಷದ ಹಿಂದಿನ ಮಾತು. ಐಚ್ಛಿಕ ಕನ್ನಡದ ತರಗತಿಗೆ ಅನಂತಮೂರ್ತಿಯವರ ‘ಘಟಶ್ರಾದ್ಧ’ ಕಥೆಯ ಪಾಠ ಮಾಡಿದ್ದೆ. ಕಿರುಪರೀಕ್ಷೆಯಲ್ಲಿ ಕಥೆಯ ಮುಕ್ತಾಯದ ಬಗ್ಗೆ ಕೇಳಿದೆ. ಸಂಡೂರು ಕಡೆಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಹುಡುಗನೊಬ್ಬ ದೂರದರ್ಶನದಲ್ಲಿ ನೋಡಿದ್ದ ಸಿನಿಮಾದ ಮುಕ್ತಾಯದ ಬಗ್ಗೆ ಎರಡು ಪುಟ ಬರೆದಿದ್ದ. ತಲೆ ಬೋಳಿಸಿಕೊಂಡ ಕಥಾನಾಯಕಿ ಯಮುನಕ್ಕ ಮರದ ಬುಡದಲ್ಲಿ ಒಬ್ಬಳೇ ಕೂತಿದ್ದಾಳೆ, ಅವಳ ಸುತ್ತ ಯಾರೂ ಇಲ್ಲ, ಖಾಲಿ ಜಾಗವೇ ಹೆಚ್ಚಿದೆ, ಆ ಖಾಲಿ ಜಾಗವೇ ಊರಿನ ಹಾಗೆ ಕಾಣುತ್ತದೆ ಎಂದು ಬರೆದಿದ್ದ. ನಾನು ಕೆಂಪು ಶಾಯಿಯಲ್ಲಿ “ಪ್ರಶ್ನೆ ಕೇಳಿದ್ದು ಕಥೆಯ ಬಗ್ಗೆ” ಎಂದು ಗೀಚಿ ಸೊನ್ನೆ ಹಾಕಿದೆ. ಆ ಸಿನಿಮಾವನ್ನು ನಾನು ಆಗಿನ್ನೂ ನೋಡಿರಲಿಲ್ಲ. ಕೆಲವು ವರ್ಷದ ಮೇಲೆ ನೋಡಿದಾಗ, ಕೊನೆಯ ದೃಶ್ಯಕ್ಕೆ ಆ ಹುಡುಗನ ಅಕ್ಷರ ನೆನಪಾಯಿತು. ಇಡೀ ತರಗತಿಯಲ್ಲಿ ಕಣ್ಣಿಟ್ಟು ನೋಡಿದವನು ಅವನೊಬ್ಬನೇ ಆಗಿದ್ದ. ಅಷ್ಟು ಹೊತ್ತಿಗೆ ಅವನು ಓದು ಬಿಟ್ಟು ಗಣಿ ಕಡೆ ಕೆಲಸಕ್ಕೆ ಹೋಗಿದ್ದನಂತೆ. ನೀನು “ಸಿನಿಮಾ ಓದ್ತೀನಿ” ಅಂದಾಗ ನಾನು ಸುಮ್ಮನೆ ಕೂತಿದ್ದಕ್ಕೆ ಇದೂ ಒಂದು ಕಾರಣ.

‘ಘಟಶ್ರಾದ್ಧ’ದಿಂದಲೇ ನೀನು ಶುರು ಮಾಡು. ಮೊದಲು ಕಥೆ ಓದು. ಅದನ್ನು ಹೇಳುವವನು ನಾಣಿ ಎಂಬ ಹುಡುಗ, ಎಲ್ಲವೂ ಅವನ ಬಾಯಿಂದ ಬರುತ್ತದೆ. ಆಮೇಲೆ 1977ರ ಸಿನಿಮಾ ನೋಡು. ಅದನ್ನು ಮಾಡಿದ ಗಿರೀಶ ಕಾಸರವಳ್ಳಿಯವರು ಮಣಿಪಾಲದಲ್ಲಿ ಬಿ.ಫಾರ್ಮ. ಓದಿ, ಔಷಧದ ಕೆಲಸ ಬಿಟ್ಟು ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿಗೆ ಹೋಗಿ ಬಂದವರು. ಅವರ ಮೊದಲ ಚಿತ್ರಕ್ಕೇ ಸ್ವರ್ಣಕಮಲ ಬಂತು. ನೋಡುವಾಗ ಒಂದೇ ಪ್ರಶ್ನೆ ಮನಸ್ಸಿನಲ್ಲಿರಲಿ: ಕಥೆಯಲ್ಲಿ ‘ನಾನು’ ಎಂಬ ಮಾತಿದೆ, ಕ್ಯಾಮೆರಾ ‘ನಾನು’ ಎಂದು ಹೇಗೆ ಹೇಳಬೇಕು? ಅದು ಎಷ್ಟು ಎತ್ತರದಲ್ಲಿ ನಿಂತಿದೆ? ನಾಣಿ ಇಲ್ಲದ ಕಡೆಗೂ ಅದು ಹೋಗುತ್ತದೆಯೇ, ಹೋದರೆ ಯಾವಾಗ? ಮೂರು ಸಲ ನೋಡು. ಮೊದಲ ಸಲ ಸುಮ್ಮನೆ ನೋಡು, ಕೈಯಲ್ಲಿ ಪೆನ್ನು ಬೇಡ. ಎರಡನೆಯ ಸಲ ಸದ್ದು ಪೂರ್ತಿ ತೆಗೆದು ನೋಡು. ಮೂರನೆಯ ಸಲ ಕಣ್ಣು ಮುಚ್ಚಿ ಬರೀ ಕೇಳು. ಬಿ.ವಿ. ಕಾರಂತರ ಸಂಗೀತ ಎಲ್ಲಿ ಇದೆ, ಅದಕ್ಕಿಂತ ಮುಖ್ಯವಾಗಿ ಎಲ್ಲಿ ಇಲ್ಲ ಎಂಬುದು ಆಗ ತಿಳಿಯುತ್ತದೆ. ಆ ಕಪ್ಪು–ಬಿಳುಪು ಚಿತ್ರದ ಹಳೆಯ ನೆಗೆಟಿವ್ ಹುಡುಕಿ, ಶುದ್ಧ ಮಾಡಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಕನ್ನಡದ ಮೊದಲ ಮಾತಿನ ಚಿತ್ರ, 1934ರ ‘ಸತಿ ಸುಲೋಚನ’ಕ್ಕೆ ಆ ಭಾಗ್ಯ ಸಿಗಲಿಲ್ಲ. ಅದರ ಒಂದು ಪ್ರತಿಯೂ ಉಳಿದಿಲ್ಲ. ಹಂಪಿಯ ಮಗ್ಗುಲಲ್ಲಿ ಹುಟ್ಟಿ ಬೆಳೆದ ನಿನಗೆ ಕಳೆದುಹೋಗುವುದೆಂದರೆ ಏನು, ಉಳಿಸಿಕೊಳ್ಳುವುದೆಂದರೆ ಏನು ಎಂದು ಬೇರೆ ಹೇಳಬೇಕಿಲ್ಲ. ಕಲ್ಲಿಗಿಂತ ಫಿಲ್ಮು ಬೇಗ ಹಾಳಾಗುತ್ತದೆ, ಅಷ್ಟು ನೆನಪಿಟ್ಟುಕೋ.

ಆಮೇಲೆ ‘ಗುಲಾಬಿ ಟಾಕೀಸ್’. ವೈದೇಹಿಯವರ ಕಥೆಯಲ್ಲಿ ಸಣ್ಣ ಊರಿಗೆ ಬರುವುದು ಟಾಕೀಸು, ಅದರಿಂದ ಹೆಂಗಸರ ದಿನಚರಿಯೇ ಬದಲಾಗುತ್ತದೆ. ಕಾಸರವಳ್ಳಿಯವರು 2008ರಲ್ಲಿ ಸಿನಿಮಾ ಮಾಡುವಾಗ ಕಾಲವನ್ನೇ ಮುಂದಕ್ಕೆ ತಂದು, ಟಾಕೀಸಿನ ಜಾಗದಲ್ಲಿ ಸೂಲಗಿತ್ತಿ ಗುಲಾಬಿಯ ಮನೆಗೆ ಡಿಶ್ ಆಂಟೆನಾದ ಟಿ.ವಿ. ತಂದಿಟ್ಟರು. ಯಾಕೆ? ಹೆಸರು ಹಾಗೇ ಇಟ್ಟು ಟಾಕೀಸನ್ನೇ ತೆಗೆದದ್ದು ಯಾಕೆ? ಇದಕ್ಕೆ ಉತ್ತರ ಹುಡುಕುತ್ತ ಹೋದರೆ ಕಾರ್ಗಿಲ್ ಯುದ್ಧ, ಕರಾವಳಿಯ ಮೀನುಗಾರಿಕೆ, ನೆರೆಹೊರೆಯ ನಡುವೆ ಬಿದ್ದ ಬಿರುಕು ಎಲ್ಲ ಎದುರಾಗುತ್ತವೆ. ನಿನ್ನ ಇತಿಹಾಸದ ಮೇಡಂ, ಅರ್ಥಶಾಸ್ತ್ರದ ಸರ್ ಪಾಠ ಮಾಡುವುದು ಇವನ್ನೇ. ಸಿನಿಮಾ ಓದಬೇಕು ಎಂದು ಆ ತರಗತಿಗಳಿಗೆ ಚಕ್ಕರ್ ಹೊಡೆಯಬೇಡ. ಅಲ್ಲಿ ಕಲಿತದ್ದು ಇಲ್ಲದಿದ್ದರೆ ಇಲ್ಲಿ ಪರದೆಯ ಮೇಲೆ ಬಣ್ಣ ಬಿಟ್ಟರೆ ಬೇರೇನೂ ಕಾಣುವುದಿಲ್ಲ.

ಇದನ್ನೇ ನಿಮ್ಮಪ್ಪನಿಗೂ ಹೇಳಬೇಕು. ಸಿನಿಮಾಕ್ಕೂ ಬಿ.ಎ.ಗೂ ಸಂಬಂಧವೇ ಇಲ್ಲ ಅನ್ನುತ್ತಾನೆ ಅವನು. ಕನ್ನಡದಲ್ಲಿ ಹೊಸ ಅಲೆಯ ಸಿನಿಮಾ ಅಂತ ಒಂದು ಬಂದಿದ್ದರೆ ಅದು ಬಂದದ್ದೇ ಪಾಠ ಹೇಳುತ್ತಿದ್ದವರಿಂದ, ಕಥೆ–ನಾಟಕ ಬರೆಯುತ್ತಿದ್ದವರಿಂದ. 1970ರ ‘ಸಂಸ್ಕಾರ’ದಲ್ಲಿ ನಾರಣಪ್ಪನಾದ ಲಂಕೇಶರು ಇಂಗ್ಲಿಷ್ ಮೇಷ್ಟ್ರು, ಮುಂದೆ ತಮ್ಮದೇ ಕಾದಂಬರಿಯಿಂದ ‘ಪಲ್ಲವಿ’ ಮಾಡಿ ರಾಷ್ಟ್ರಮಟ್ಟದಲ್ಲಿ ಶ್ರೇಷ್ಠ ನಿರ್ದೇಶಕ ಅನ್ನಿಸಿಕೊಂಡರು. ಧಾರವಾಡದಲ್ಲಿ ಗಣಿತ ಓದಿದ ಗಿರೀಶ ಕಾರ್ನಾಡರು ಪುಣೆಯ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾದರು. ಇನ್ನು ನಮ್ಮ ಮಗ್ಗುಲಲ್ಲೇ ಇರುವ ಕನ್ನಡ ವಿಶ್ವವಿದ್ಯಾಲಯ 1991ರಲ್ಲಿ ಶುರುವಾದಾಗ ಮೊದಲ ಕುಲಪತಿಯಾಗಿ ಬಂದ ಚಂದ್ರಶೇಖರ ಕಂಬಾರರು ಕನ್ನಡದ ಮೇಷ್ಟ್ರು, ನಾಟಕಕಾರರು, ಜೊತೆಗೆ ‘ಕರಿಮಾಯಿ’, ‘ಸಂಗೀತಾ’, ‘ಕಾಡುಕುದುರೆ’ ಸಿನಿಮಾಗಳ ನಿರ್ದೇಶಕರು. ‘ಕಾಡುಕುದುರೆ’ಯ ಹಾಡಿಗೆ ಶಿವಮೊಗ್ಗ ಸುಬ್ಬಣ್ಣನವರಿಗೆ ರಾಷ್ಟ್ರಪ್ರಶಸ್ತಿ ಬಂತು. ವಿದ್ಯಾರಣ್ಯದ ಆ ಬಂಡೆಗಳ ನಡುವೆ ವಿಶ್ವವಿದ್ಯಾಲಯ ಕಟ್ಟಿದವರೇ ಸಿನಿಮಾ ಮಾಡಿದವರು ಎಂದು ಅಪ್ಪನಿಗೆ ಹೇಳು. ಅಲ್ಲಿನ ಗ್ರಂಥಾಲಯ ನಮ್ಮೂರಿನಿಂದ ಅರ್ಧ ಗಂಟೆಯ ದಾರಿ. ರಜೆ ಬಂದರೆ ಅಲ್ಲಿ ಕೂರು.

ಹಂಪಿಯ ಪಕ್ಕದಲ್ಲಿದ್ದು ಸಿನಿಮಾ ಓದುವವಳಿಗೆ ಬೇರೆ ಊರಿನವರಿಗೆ ಸಿಗದ ಒಂದು ಪಾಠಪುಸ್ತಕ ಸಿಗುತ್ತದೆ. 1856ರಲ್ಲಿ ಮದರಾಸು ಸೈನ್ಯದ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ದೊಡ್ಡ ಕ್ಯಾಮೆರಾ ಹೊತ್ತು ಇಲ್ಲಿಗೆ ಬಂದು, ಮೇಣ ಹಚ್ಚಿದ ಕಾಗದದ ಮೇಲೆ ಹಂಪಿಯ ಫೋಟೋಗಳನ್ನು ತೆಗೆದ. ಆ ನೆಗೆಟಿವ್‌ಗಳು ಬಹುಕಾಲ ಮರೆತುಹೋಗಿ ಆಮೇಲೆ ಸಿಕ್ಕವು. 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗೊಲಿಂಗ್ಸ್ ಗ್ರೀನ್‌ಲಾ ಕ್ಯಾಮೆರಾ ಇಟ್ಟಿದ್ದ ಜಾಗಗಳನ್ನೇ ಹುಡುಕಿ, ಅಲ್ಲೇ ನಿಂತು, ಅದೇ ಚೌಕಟ್ಟಿನಲ್ಲಿ ಮತ್ತೆ ಫೋಟೋ ತೆಗೆದರು. ಎರಡನ್ನೂ ಅಕ್ಕಪಕ್ಕ ಇಟ್ಟ ಪುಸ್ತಕ ಬಂದಿದೆ. ಮೊದಲು ವಿಠ್ಠಲನ ಗುಡಿಯ ಕಲ್ಲಿನ ರಥದ ಪುಟ ತೆಗೆ. ಗ್ರೀನ್‌ಲಾ ತೆಗೆದ ಫೋಟೋದಲ್ಲಿ ರಥದ ಮೇಲೆ ಇಟ್ಟಿಗೆಯ ಗೋಪುರ ಇದೆ! ಈಗ ಇಲ್ಲ. ನಿನ್ನ ಪರ್ಸಿನಲ್ಲಿರುವ ಐವತ್ತರ ಹೊಸ ನೋಟು ತಿರುಗಿಸಿ ನೋಡು, ಗೋಪುರವಿಲ್ಲದ ರಥವೇ ಅಚ್ಚಾಗಿದೆ. ನಾವು ‘ನಮ್ಮ ರಥ’ ಎಂದು ಎದೆಗೆ ಒತ್ತಿಕೊಂಡಿರುವ ಆಕಾರ ಅದನ್ನು ಕಟ್ಟಿದವರು ಕಂಡ ಆಕಾರವಲ್ಲ. ಒಂದು ಚಿತ್ರ ಒಂದು ಕಾಲದ ಸಾಕ್ಷಿ. ಯಾರು, ಯಾವಾಗ, ಎಲ್ಲಿ ನಿಂತು ತೆಗೆದದ್ದು ಎಂದು ಕೇಳದೆ ಅದನ್ನು ನಂಬಬಾರದು. ನಿನ್ನ ಇತಿಹಾಸದ ಪತ್ರಿಕೆಯಲ್ಲಿ ‘ಆಕರಗಳ ವಿಮರ್ಶೆ’ ಎಂದು ಇರುವುದು ಇದೇ.

ಇನ್ನೊಂದು ಪ್ರಶ್ನೆಯನ್ನೂ ಸೇರಿಸಿಕೋ: ಚೌಕಟ್ಟಿನ ಹೊರಗೆ ಯಾರಿದ್ದಾರೆ? ಹಂಪಿಯಲ್ಲಿ ಎಷ್ಟೋ ಸಿನಿಮಾದ ಹಾಡು ತೆಗೆದಿದ್ದಾರೆ. ಜಾಕಿ ಚಾನ್ ಕೂಡ ‘ದಿ ಮಿಥ್’ಗೆ ಇಲ್ಲಿಗೆ ಬಂದಿದ್ದ. ಆ ಹಾಡುಗಳನ್ನು ನೋಡುತ್ತ ಹೋಗು, ಕಲ್ಲು ಇದೆ, ಆಕಾಶ ಇದೆ, ನಾಯಕ–ನಾಯಕಿ ಇದ್ದಾರೆ, ಊರಿನವರು ಇಲ್ಲ. ಹಂಪಿ ಬಜಾರಿನ ಮಂಟಪಗಳಲ್ಲಿ ಸಂಸಾರಗಳಿದ್ದವು, ಹೋಟೆಲು–ಅಂಗಡಿಗಳಿದ್ದವು. 2011ರ ಜುಲೈನಲ್ಲಿ ಅವರನ್ನೆಲ್ಲ ಎಬ್ಬಿಸಿದರು. ಆಗ ನೀನು ಮಗು. ಸ್ಮಾರಕ ಉಳಿಯಬೇಕೆಂಬುದು ನನ್ನ ಮಾತೂ ಹೌದು. ಆದರೆ ಖಾಲಿ ಮಂಟಪವನ್ನು ಸುಂದರವಾದ ಫ್ರೇಮ್ ಅನ್ನುವಾಗ ಅದು ಹೇಗೆ ಖಾಲಿಯಾಯಿತು ಎಂಬುದು ನಿನಗೆ ಗೊತ್ತಿರಬೇಕು.

ಈಗ ನಿಮ್ಮಪ್ಪನ ಹೆದರಿಕೆಯ ವಿಷಯ.

ಬೀಜಿಂಗ್ ಒಲಿಂಪಿಕ್ಸ್‌ಗೆ ಮುಂಚಿನ ವರ್ಷಗಳಲ್ಲಿ ಚೀನಾಕ್ಕೆ ಅದಿರು ಎಷ್ಟು ಹೋದರೂ ಸಾಲದಾಗಿತ್ತು. ಸಂಡೂರಿನಿಂದ ಹೊಸಪೇಟೆವರೆಗೆ ಕೆಂಪು ಧೂಳು, ಸಾಲುಸಾಲು ಟಿಪ್ಪರ್–ಲಾರಿ, ಮನೆ ಮುಂದಿನ ತುಳಸಿಗಿಡವೂ ಕೆಂಪು. ನಿಮ್ಮಪ್ಪ ಸಾಲ ಮಾಡಿ ಒಂದು ಲಾರಿ ತೆಗೆದುಕೊಂಡ. ಎರಡು ವರ್ಷ ಕೈತುಂಬ ದುಡಿದ. 2011ರಲ್ಲಿ ಲೋಕಾಯುಕ್ತ ವರದಿ ಬಂತು, ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ನಿಲ್ಲಿಸಬೇಕಾಗಿತ್ತು, ಕಾಡು–ಬೆಟ್ಟ ಕರಗಿಹೋಗುತ್ತಿತ್ತು. ಆದರೆ ಲಾರಿ ಮನೆ ಮುಂದೆ ನಿಂತೇ ಬಿಟ್ಟಿತು. ಕಂತು ನಿಲ್ಲಲಿಲ್ಲ. ನಿನಗೆ ನೆನಪಿರಲಾರದು, ಆ ಲಾರಿಯ ನೆರಳಿನಲ್ಲಿ ನೀನು ಕುಂಟಾಬಿಲ್ಲೆ ಆಡುತ್ತಿದ್ದೆ. ಕೊನೆಗೆ ಅದನ್ನು ಕಬ್ಬಿಣದ ಬೆಲೆಗೆ ಮಾರಿದ. ಎಲ್ಲರೂ ಓಡುತ್ತಿರುವ ಕಡೆ ಓಡಿ ಬಿದ್ದವನು ಅವನು. ಮಗಳು ಇನ್ನೊಂದು ಮಿಂಚುವ ವಸ್ತುವಿನ ಹಿಂದೆ ಹೋಗುತ್ತಿದ್ದಾಳೆ ಎಂದು ಅವನ ಎದೆ ನಡುಗಿದರೆ ತಪ್ಪೇನಿದೆ?

ಈ ಗಣಿಯ ಮೇಲೆ ಸಿನಿಮಾ ಬಂದಿದೆ. 2010ರ ‘ಪೃಥ್ವಿ’ಯಲ್ಲಿ ಪುನೀತ್ ರಾಜ್‌ಕುಮಾರ್ ಬಳ್ಳಾರಿಯ ಜಿಲ್ಲಾಧಿಕಾರಿ, ಗಣಿ ಧಣಿಗಳ ಎದುರು ನಿಲ್ಲುತ್ತಾನೆ. ಪರಂಜಯ್ ಗುಹಾ ಠಾಕುರ್ತಾ ಅವರ ಸಾಕ್ಷ್ಯಚಿತ್ರವೂ ಇದೆ, ‘ಬ್ಲಡ್ ಅಂಡ್ ಐರನ್’. ಎರಡನ್ನೂ ನೋಡು, ಒಂದೇ ಬೆಟ್ಟವನ್ನು ಎರಡು ಬಗೆಯ ಸಿನಿಮಾ ಹೇಗೆ ತೋರಿಸುತ್ತದೆ ಎಂದು ಬರೆ. ಪುನೀತನ ಹೆಸರು ಬಂದರೆ ಹೊಸಪೇಟೆಯಲ್ಲಿ ಇವತ್ತಿಗೂ ಜನ ಎದ್ದು ನಿಲ್ಲುತ್ತಾರೆ, ಅವನ ಪ್ರತಿಮೆ ನಮ್ಮೂರಲ್ಲೇ ನಿಂತಿದೆ. ಸಿನಿಮಾ ಓದಿದ ಕೆಲವರು ಈ ಅಭಿಮಾನವನ್ನು ಕೀಳಾಗಿ ಕಾಣುತ್ತಾರೆ. ನೀನು ಹಾಗೆ ಮಾಡಿದರೆ ನನಗೆ ನೋವಾಗುತ್ತದೆ. ಹಮಾಲಿ ಮಾಡುವ ಹುಡುಗ ಒಂದು ದಿನದ ಕೂಲಿಯನ್ನು ಹೂವಿನ ಹಾರಕ್ಕೆ ಯಾಕೆ ಕೊಡುತ್ತಾನೆ ಎಂಬುದೂ ಓದಬೇಕಾದ ವಿಷಯವೇ. ಅವನ ಪಕ್ಕ ಕೂತು ಕೇಳಬೇಕು, ದೂರದಿಂದ ತೀರ್ಪು ಕೊಡಬಾರದು.

ಆದರೆ ಈ ಎರಡೂ ಸಿನಿಮಾ ನೋಡುವಾಗ ಒಂದನ್ನು ನಾನು ಹುಡುಕುತ್ತಲೇ ಇದ್ದೆ: ಮನೆ ಮುಂದೆ ನಿಂತ ಲಾರಿ. ಕಂತಿನ ಚೀಟಿ ಹಿಡಿದು ಕೂತ ಒಬ್ಬ ಅಪ್ಪ. ಅದಕ್ಕೆ ಕ್ಯಾಮೆರಾ ತಿರುಗಿಸಲು ಆ ಮನೆಯಲ್ಲಿ ಬೆಳೆದವರೇ ಬೇಕೇನೋ.

ಇವತ್ತೇ ಫೋನು ಹಿಡಿದು ಅಪ್ಪನ ಎದುರು ನಿಲ್ಲು ಎಂದು ನಾನು ಹೇಳುತ್ತಿಲ್ಲ. ಮೊದಲು ಫೋನು ಒಳಗಿಟ್ಟು ಕೇಳಿಸಿಕೋ. ವರ್ಷ ಹಿಡಿದರೂ ಹಿಡಿಯಲಿ. ಅವನು ಸರಿ ಅಂದ ಮೇಲೆ ತೆಗೆ, ಬೇಡ ಅಂದರೆ ಬಿಟ್ಟುಬಿಡು. ಸಂಡೂರಿನ ಲಂಬಾಣಿ ತಾಂಡಾಕ್ಕೆ ಹೋದರೂ ಇದೇ ಕ್ರಮ. ಅವರ ಕನ್ನಡಿ ಕೂಡಿಸಿದ ಕಸೂತಿ ಯಾರ ಕಣ್ಣಿಗೂ ಚಂದ. ಬಂದವರೆಲ್ಲ ಕೇಳದೆ ಫೋಟೋ ಹೊಡೆದು ಹೋಗುತ್ತಾರೆ. ನೀನು ಹೋದರೆ ಅಲ್ಲಿನ ಒಬ್ಬ ಅಜ್ಜಿಯ ಜೊತೆ ಅರ್ಧ ದಿನ ಕೂತು, ಯಾವ ಹೊಲಿಗೆಯನ್ನು ಅವರು ಏನೆಂದು ಕರೆಯುತ್ತಾರೆ ಎಂದು ಬರೆದುಕೊಂಡು ಬಾ. ಅಂಥ ಹತ್ತು ಪುಟ ನನಗೆ ಒಂದು ಕಿರುಚಿತ್ರಕ್ಕಿಂತ ಹೆಚ್ಚು.

ನಿನ್ನ ಅವ್ವನ ತವರು ಕಂಪ್ಲಿ. ಅಲ್ಲಿನ ಕೋಟೆಯ ಕುಮಾರರಾಮನ ಕಥೆ ಅಜ್ಜಿಯ ಬಾಯಿಂದ ಕೇಳಿದ್ದೀಯ: ಮಲತಾಯಿ ರತ್ನಾಜಿ, ಡೆಲ್ಲಿಯ ದಂಡು, ತಲೆ ಕೊಟ್ಟ ಕುಮಾರ. ಅದೇ ಕಥೆ ನಂಜುಂಡ ಕವಿಯ ಸಾಂಗತ್ಯದಲ್ಲಿದೆ, ಬಯಲಾಟದಲ್ಲಿದೆ, ಶಿವರಾಜ್‌ಕುಮಾರ್ ನಟಿಸಿದ ‘ಗಂಡುಗಲಿ ಕುಮಾರರಾಮ’ ಸಿನಿಮಾದಲ್ಲೂ ಇದೆ. ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟಿಗೆ ಏನು ಮಾಡಲಿ ಎಂದು ಕೇಳಿದ್ದೆಯಲ್ಲ, ಇದನ್ನು ಮಾಡು. ರತ್ನಾಜಿ ಒಬ್ಬಳನ್ನೇ ಹಿಡಿದುಕೋ. ಅಜ್ಜಿ ಅವಳನ್ನು ಹೇಗೆ ಹೇಳುತ್ತಾಳೆ, ಕವಿ ಹೇಗೆ ಹೇಳುತ್ತಾನೆ, ಬಯಲಾಟದಲ್ಲಿ ಅವಳ ಪ್ರವೇಶ ಹೇಗೆ, ಸಿನಿಮಾದಲ್ಲಿ ಕ್ಯಾಮೆರಾ ಅವಳನ್ನು ಮೊದಲು ತೋರಿಸುವುದು ಹೇಗೆ. ಇಷ್ಟು ಸಾಕು. ಸಾವಿರ ಪುಟ ಓದಿದವರಿಗೂ ಹೊಳೆಯದ್ದು ನಿನಗೆ ಹೊಳೆಯುತ್ತದೆ, ಯಾಕೆಂದರೆ ಆ ಅಜ್ಜಿ ನಿನ್ನವಳು.

ಸಿನಿಮಾ ನಮ್ಮ ಸೀಮೆಗೆ ಹೊರಗಿನಿಂದ ಬಂದ ವಿದ್ಯೆ ಎಂದು ಹಿಂಜರಿಯಬೇಡ. ಪರದೆ, ಹಿಂದೆ ದೀಪ, ನಡುವೆ ಆಡುವ ಗೊಂಬೆ, ಮುಂದೆ ಕತ್ತಲಲ್ಲಿ ಕೂತ ಊರು. ತೊಗಲುಗೊಂಬೆ ಆಟ ತಲೆಮಾರುಗಳಿಂದ ಇಲ್ಲಿದೆ. ಚರ್ಮವನ್ನು ಬೆಳಕು ಹಾಯುವಷ್ಟು ತೆಳ್ಳಗೆ ಹದ ಮಾಡಿ ಬಣ್ಣ ಹಾಕಿದ್ದರಿಂದಲೇ ನೆರಳಿಗೂ ಬಣ್ಣ. ಬಳ್ಳಾರಿಯ ಬೆಳಗಲ್ಲು ವೀರಣ್ಣನವರು ರಾಮಾಯಣ ಆಡಿಸಿದ ಕೈಯಲ್ಲೇ ಗಾಂಧೀಜಿಯ ಕಥೆಯನ್ನೂ ಆಡಿಸಿದರು. ತುಂಗಭದ್ರೆಯ ಆಚೆ, ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ ತೊಂಬತ್ತು ದಾಟಿದ ಮೇಲೆ, 2025ರಲ್ಲಿ, ಪದ್ಮಶ್ರೀ ಬಂತು. ಇನ್ನು ಹಂಪಿಯ ಹಜಾರರಾಮನ ಗುಡಿಯ ಗೋಡೆ ನೋಡು: ಹೊರಗೋಡೆಗೆ ಆನೆ, ಕುದುರೆ, ದಂಡು, ಕುಣಿಯುವವರ ಸಾಲು, ಒಳಗೆ ರಾಮಾಯಣ ತುಣುಕು ತುಣುಕಾಗಿ. ಅಲ್ಲಿ ಚಿತ್ರ ನಿಂತಿರುತ್ತದೆ, ನೀನು ನಡೆಯುತ್ತೀಯ. ಟಾಕೀಸಿನಲ್ಲಿ ನೀನು ಕೂತಿರುತ್ತೀಯ, ಚಿತ್ರ ನಡೆಯುತ್ತದೆ. ಒಂದು ಸಲ ಅಲ್ಲಿ ಪ್ರದಕ್ಷಿಣೆ ಹಾಕುತ್ತ, ಶಿಲ್ಪಿ ಎಲ್ಲಿ ಕಥೆ ಕತ್ತರಿಸಿದ, ಏನನ್ನು ಬಿಟ್ಟ ಎಂದು ಗುರುತು ಮಾಡಿಕೊಂಡು ಬಾ. ಎಡಿಟಿಂಗ್ ಪಾಠಕ್ಕೆ ಇಷ್ಟು ಒಳ್ಳೆಯ ತರಗತಿ ನನಗೆ ಗೊತ್ತಿಲ್ಲ.

ಇಂಥ ನೋಟ ದೊಡ್ಡ ಶಹರದವರಿಗೆ ಮಾತ್ರ ಎಂದು ಯಾರಾದರೂ ಅಂದರೆ ಹೆಗ್ಗೋಡಿನ ಮಾತು ಹೇಳು. ಸಾಗರ ತಾಲ್ಲೂಕಿನ ಆ ಸಣ್ಣ ಊರಲ್ಲಿ ಕೆ.ವಿ. ಸುಬ್ಬಣ್ಣನವರು 1973ರಲ್ಲೇ ನೀನಾಸಂ ಚಿತ್ರಸಮಾಜ ಕಟ್ಟಿ, ಅಡಿಕೆ ತೋಟದ ಜನಕ್ಕೆ ‘ಬೈಸಿಕಲ್ ಥೀವ್ಸ್’, ‘ರಾಶೋಮನ್’, ‘ಪಥೇರ್ ಪಾಂಚಾಲಿ’ ತೋರಿಸಿದರು. ಪುಣೆಯಿಂದ ಸತೀಶ್ ಬಹಾದೂರ್ ಅಲ್ಲಿಗೇ ಬಂದು ಚಿತ್ರ ನೋಡುವುದನ್ನು ಕಲಿಸಿದರು. ನಿನ್ನ ಕಾಲೇಜಿನಲ್ಲಿ ಪ್ರೊಜೆಕ್ಟರ್ ಇದೆ, ಶನಿವಾರ ಮಧ್ಯಾಹ್ನ ಖಾಲಿ ಕೋಣೆ ಇದೆ. ಪ್ರಿನ್ಸಿಪಾಲರನ್ನು ಕೇಳಿ ಹತ್ತು ಜನ ಸೇರಿ ತಿಂಗಳಿಗೊಂದು ಸಿನಿಮಾ ಹಾಕಿ. ಮುಗಿದ ಮೇಲೆ ಒಬ್ಬೊಬ್ಬರೂ ಮೊದಲು ಕಂಡಿದ್ದು ಹೇಳಬೇಕು. ತೆಲುಗು, ಉರ್ದು, ಲಂಬಾಣಿ ಬಲ್ಲವರು ನಿಮ್ಮ ತರಗತಿಯಲ್ಲಿ ಇದ್ದೇ ಇರುತ್ತಾರೆ. 1953ರವರೆಗೆ ಮದರಾಸಿಗೆ ಸೇರಿದ್ದ ಸೀಮೆ ನಮ್ಮದು, ಒಂದೇ ಭಾಷೆಯ ಸಿನಿಮಾ ನೋಡಿ ಬೆಳೆದವರು ಇಲ್ಲಿ ಕಡಿಮೆ. ಸಬ್‌ಟೈಟಲ್ ಬರೆಯುವ ಕೆಲಸಕ್ಕೆ ಅಂಥವರು ಬೇಕು. ಅದನ್ನು ಈಗಲೇ ಅಭ್ಯಾಸ ಮಾಡಿ. ಎರಡು ನಿಮಿಷದ ದೃಶ್ಯಕ್ಕೆ ಸಬ್‌ಟೈಟಲ್ ಬರೆಯಲು ಕೂತರೆ ಒಂದು ಮಾತಿನ ತೂಕ ಎಷ್ಟೆಂದು ತಿಳಿಯುತ್ತದೆ.

ದುಡ್ಡಿನ ಮಾತು ಸ್ಪಷ್ಟವಾಗಿರಲಿ. ಈ ಓದು ಮುಗಿದ ಮರುದಿನ ಕೆಲಸ ಬಾಗಿಲು ತಟ್ಟುವುದಿಲ್ಲ. ಲಕ್ಷ ಲಕ್ಷ ಫೀಜು ಕೇಳುವ ಕೋರ್ಸುಗಳ ಜಾಹೀರಾತು ನಿನ್ನ ಫೋನಿಗೆ ಬರುತ್ತಲೇ ಇರುತ್ತದೆ. ಅವುಗಳಿಗೆ ಸಾಲ ಮಾಡುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ನಿಮ್ಮ ಮನೆ ಒಂದು ಸಾಲ ಕಂಡಿದೆ, ಸಾಕು. ಮೂರು ವರ್ಷದ ಡಿಗ್ರಿಯನ್ನು ಒಳ್ಳೆಯ ಅಂಕದಲ್ಲಿ ಮುಗಿಸು. ಯಾವುದೇ ವಿಷಯದ ಪದವಿ ಇದ್ದರೂ ಪುಣೆಯ ಇನ್‌ಸ್ಟಿಟ್ಯೂಟಿನ ಪ್ರವೇಶ ಪರೀಕ್ಷೆ ಬರೆಯಬಹುದು, ಕೊಲ್ಕತ್ತಾದ ಸತ್ಯಜಿತ್ ರೇ ಹೆಸರಿನ ಸಂಸ್ಥೆಯದೂ ಹಾಗೆಯೇ. ಸತ್ಯಜಿತ್ ರೇ ಕಾಲೇಜಿನಲ್ಲಿ ಓದಿದ್ದು ಅರ್ಥಶಾಸ್ತ್ರ, ಇದನ್ನೂ ಅಪ್ಪನಿಗೆ ಹೇಳು. ಕ್ಯಾಮೆರಾ ಕೆಲಸವೇ ಬೇಕಾದರೆ ಹೆಸರಘಟ್ಟದಲ್ಲಿ ಸರ್ಕಾರಿ ಸಂಸ್ಥೆ ಇದೆ. ಬೆಂಗಳೂರಿನ ಚಿತ್ರೋತ್ಸವಕ್ಕೆ ವಿದ್ಯಾರ್ಥಿಗಳಿಗೆ ಪಾಸಿನ ದರ ಕಡಿಮೆ. ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗಿಗೆ ಅಲ್ಲಿರುತ್ತೀಯ. ಆ ಖರ್ಚು ನನ್ನ ಪಿಂಚಣಿಯಿಂದ. ಇದರಲ್ಲಿ ನೀನು ಸಂಕೋಚ ಪಡಬಾರದು, ನಿಮ್ಮಪ್ಪ ಬೇಡ ಅನ್ನಬಾರದು.

ಉಪಕರಣ ಇಲ್ಲ ಎಂದು ಕೊರಗಬೇಡ. ನಮ್ಮ ಮೈಸೂರಿನ ವಿ.ಕೆ. ಮೂರ್ತಿಯವರು ‘ಕಾಗಜ್ ಕೆ ಫೂಲ್’ನ ಆ ಹೆಸರಾದ ಬೆಳಕಿನ ಕೋಲನ್ನು ಮಾಡಿದ್ದು ದೊಡ್ಡ ದೀಪದಿಂದಲ್ಲ. ಎರಡು ಕನ್ನಡಿ ಇಟ್ಟು ಹೊರಗಿನ ಬಿಸಿಲನ್ನು ಕತ್ತಲೆ ಸ್ಟುಡಿಯೋದ ಒಳಗೆ ತಂದರು. ಬಿಸಿಲಿಗೆ ಹೊಸಪೇಟೆಯಲ್ಲಿ ಬರವಿಲ್ಲ. ಕನ್ನಡಿ ನಿಮ್ಮ ಮನೆಯಲ್ಲಿದೆ.

ಬರುವ ಭಾನುವಾರ ಮೂರೂವರೆಗೆ ನಾನು ಬಸ್‌ಸ್ಟ್ಯಾಂಡಿನ ಹಂಪಿ ಪ್ಲಾಟ್‌ಫಾರ್ಮಿನಲ್ಲಿ ಇರುತ್ತೇನೆ. ಇಳಿಬಿಸಿಲು ಗೋಪುರದ ಪಡುವಣ ಮುಖಕ್ಕೆ ಬಿದ್ದಾಗ ಗೋಡೆಯ ಮೇಲಿನ ಚಿತ್ರ ತಿಳಿಯಾಗಿ ಕಾಣುತ್ತದೆ. ಇನ್ನೂರು ಪುಟದ ಒಂದು ನೋಟುಬುಕ್ಕು ತಂದಿಟ್ಟಿದ್ದೇನೆ, ನಿನಗೆ. ಫೋನು ಮನೆಯಲ್ಲಿ ಬಿಟ್ಟು ಬಾ. ನಿಮ್ಮಪ್ಪನನ್ನೂ ಕರೆದುಕೊಂಡು ಬಾ. ಚಿಕ್ಕವನಿದ್ದಾಗ ಆ ಕೋಣೆಯಲ್ಲಿ ನನ್ನ ಹೆಗಲ ಮೇಲೆ ಕೂತು, “ಅಣ್ಣಾ, ಗುಡಿ ಬಿದ್ದು ಹೋತು” ಎಂದು ಅತ್ತಿದ್ದ. ಅವನು ಅಲ್ಲಿಗೆ ಹೋಗಿ ನಲವತ್ತು ವರ್ಷವಾದರೂ ಆಗಿರಬೇಕು.

ನಿನ್ನ ದೊಡ್ಡಪ್ಪ